ಹಾಲುಗಂಬದ ಕೊಂಬೆ

ನೀರು ಚಿಮುಕಿಸಿ ತಂಪಾಗಿಟ್ಟಿದ್ದ ಗೋಣಿಚೀಲ ಸುಡುತ್ತಿತ್ತು. ಕಾಂತಮ್ಮ ಕೈ ಹಿಂದಕ್ಕೆಳೆದುಕೊಂಡು ಮತ್ತೆ ಮುಟ್ಟಿ ನೋಡಿದಳು. ಮಗಳ ಮದುವೆಯ ಹಾಲುಗಂಬಕ್ಕೆಂದು ಹಗರೆ ಊರಿನ ತನ್ನಣ್ಣ ನಾಲ್ಕು ದಿನದ ಹಿಂದೆ ಕಡಿದು ತಂದ ಅತ್ತಿಕೊಂಬೆ ಅದರೊಳಗಿತ್ತು. ನೆಟ್ಟ ಮೇಲೆ ಬೇರು ಬಿಡಲೆಂದು ಕಡಿದ ತುದಿಗೆ ಸಗಣಿ ಮೆತ್ತಿ, ಬಚ್ಚಲ ಮೂಲೆಯ ನೆರಳಲ್ಲಿ ಜೋಪಾನ ಮಾಡಿದ್ದಳು.

ಚೀಲ ಬಿಡಿಸಿದಳು. ನಿನ್ನೆ ಹಸಿರಾಗಿ ಕಣ್ಣು ಬಿಟ್ಟಿದ್ದ ಕುಡಿಗಳು ಬೆಂದು ಕಪ್ಪಾಗಿದ್ದವು. ಹೆಬ್ಬೆರಳು ತಾಗಿದಲ್ಲಿ ತೊಗಟೆ ಬೆಂದ ಗೆಣಸಿನ ಸಿಪ್ಪೆಯಂತೆ ಜಾರಿ ಬಂತು. ನೆಡುವ ಮೊದಲೇ ಕೊಂಬೆ ಸತ್ತರೆ ಅವರ ಮನೆತನದಲ್ಲಿ ಆ ಮದುವೆ ನಡೆಸುವುದಿಲ್ಲ.

"ಯಾವ ಹಾಳಾದೋರು ಮಾಡಿದ್ರು ಇದನ್ನ?" ಎಂದು ತಿರುಗಿದರೆ, ಬಾಗಿಲಲ್ಲಿ ಮಗಳು ಮೇಘಶ್ರೀ ನಿಂತಿದ್ದಳು. ಅರಿಶಿನ ಹಚ್ಚಿದ ಕೈಯಲ್ಲಿ ಖಾಲಿ ಚೊಂಬು. ಅದರ ಬಾಯಿಂದ ಇನ್ನೂ ಹಬೆ ಏಳುತ್ತಿತ್ತು.

"ನಾನೇ ಕಣಮ್ಮ. ಈ ಗಂಡು ಬ್ಯಾಡ ಅಂತ ನಿಂಗೂ ಹೇಳ್ದೆ, ಅಪ್ಪಂಗೂ ಹೇಳ್ದೆ. ಮದ್ವೆ ಮುಂದೆ ಎಲ್ಲಾ ಹೆಣ್ಮಕ್ಳೂ ಹಿಂಗೇ ಆಡ್ತಾವೆ ಅಂತ ನಕ್ರಿ. ಕೊಂಬೆ ಹೇಳಿದ್ರಾದ್ರೂ ಕೇಳ್ತೀರಲ್ಲ!"

ಅಂಗಳದಿಂದ ಗಂಡ ದೇವೀರಪ್ಪ ಕೂಗಿದ: "ಲೇ, ಗುಂಡಿ ತೋಡಿ ಆಯ್ತು. ಕೊಂಬೆ ತಾರೇ, ಹೊತ್ತು ಮೀರ್ತೈತೆ!"

ಕಾಂತಮ್ಮ ಚೀಲವನ್ನು ಮತ್ತೆ ಮುಚ್ಚಿದಳು. ಕೊಂಬೆಯನ್ನು ಅಲ್ಲೇ ಬಿಟ್ಟು, ಮಗಳ ಕೈ ಹಿಡಿದು, ನೆಂಟರೆಲ್ಲ ನೆರೆದಿದ್ದ ಅಂಗಳಕ್ಕೆ ನಡೆದಳು. ಕೊಂಬೆಯ ಸುದ್ದಿಯನ್ನೇ ಎತ್ತಲಿಲ್ಲ.

"ಗುಂಡಿ ಮುಚ್ರಿ. ನಮ್ಮ ಮೇಘಂಗೆ ಈ ಗಂಡು ಬ್ಯಾಡ."