ಕಾಂತಪ್ಪನವರ ವೈರು
ಭಾಂಡುಪ್‌ನ ಈ ಚಾಳ್ ವಠಾರಕ್ಕೆ ಮೊದಲ ಟಿವಿ ಕೇಬಲ್ ತಂದವರು ಕಾಂತಪ್ಪ. ಸುರಿವ ಮಳೆಯಲ್ಲಿ ಕಿಟಕಿಗಳ ಮೇಲಿನ ಛಜ್ಜಾದಲ್ಲಿ ತೆವಳಿ ಎಳೆದ ವೈರು ಅದು. ಆ ಕಥೆಗೆ ಆಕಳಿಸುವ ಮೊಮ್ಮಗಳು ಯಕ್ಷಿತಾ, ಈಗ ಕೆಟ್ಟ ಇಂಟರ್ನೆಟ್ ಸರಿಪಡಿಸಲು ಬಂದ ಟೆಕ್ನಿಷಿಯನ್ ವಸೀಮನ ಸಿಗ್ನಲ್ ಮೀಟರನ್ನು ಕಣ್ಣರಳಿಸಿ ನೋಡುತ್ತಿದ್ದಳು. ಅಸೂಯೆಯಿಂದ ಕುದಿಯುತ್ತಿದ್ದ ಕಾಂತಪ್ಪ, ದೋಷ ಎಲ್ಲಿದೆಯೆಂದು ಬಲ್ಲವರಾದರೂ ಬಾಯಿ ಬಿಡಲಿಲ್ಲ.

“ಮೋಡೆಮ್ ಛಲೋ ಐತ್ರಿ, ಸಿಗ್ನಲ್ಲೇ ಬರವಲ್ದು. ಈ ಹಳೇ ವೈರ್ ಕಿತ್ತು ಒಗೀತೀನಿ,” ಎಂದು ವಸೀಮ ಕಟ್ಟರ್ ಎತ್ತಿದ.

ಕಾಂತಪ್ಪ ಧಡಕ್ಕನೆ ಎದ್ದು ಗೋಡೆಯ ಕ್ಯಾಲೆಂಡರ್ ಸರಿಸಿದರು. ಆಗ ಪಕ್ಕದ ಮನೆಯಲ್ಲಿದ್ದ ರಾಜೀವಿಯ ಟಿವಿಗೂ ಸಿಗಲೆಂದು ಹಿಂದೆ ಅವರೇ ವೈರನ್ನು ಕವಲೊಡೆಸಿ ಕೂಡಿಸಿದ್ದ ಸ್ಪ್ಲಿಟರ್ ಅಲ್ಲಿತ್ತು. “ಅರ್ಧ ಸಿಗ್ನಲ್ ಆ ಖಾಲಿ ಮನೆಗೆ ಹೋಗ್ತಾ ಉಂಟು ಮಾರಾಯ. ಇದನ್ನು ತೆಗಿ. ನನ್ನ ವೈರ್ ಮುಟ್ಟಬೇಡ!”

ವಸೀಮ ವೈರನ್ನು ನೇರ ಜೋಡಿಸಿದ. ಮೋಡೆಮ್‌ನ ದೀಪ ಹಸಿರಾಯಿತು. “ಕಮಾಲ್ ಮಾಡಿದ್ರಿ ಚಾಚಾ! ಈ ಲೈನ್ ನೀವೇ ಎಳದ್ರೇನ್ರಿ?”

ಯಕ್ಷಿತಾ ಫೋನ್ ಕೆಳಗಿಟ್ಟಳು. “ಅಜ್ಜಾ, ವೋ ಛಜ್ಜಾವಾಲಾ ಸ್ಟೋರಿ... ಫಿರ್ ಸೇ, ಇನ್ನೊಮ್ಮೆ ಹೇಳಿ ನಾ.”