ಏಳನೇ ಮೇಜು

ಸುತ್ತೋಲೆ ಏಳನೇ ಮೇಜಿಗೆ ಬಂದಾಗ ಆಗಲೇ ಆರು ಸಹಿ ಬಿದ್ದಿದ್ದವು. ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಒಂದು ಕಡತ ಎಂಟು ಮೇಜು ದಾಟಲು ಮೂರು ವಾರ ಬೇಕಿತ್ತು. ಆಮೆಗೂ ನಾಚಿಕೆಯಾಗಬೇಕು. ಹೊಸ ಅಧಿಕಾರಿ ಅದಕ್ಕೆ ಮದ್ದು ಹುಡುಕಿದ್ದರು: ಇನ್ನು ಮೂರೇ ಸಹಿ ಸಾಕು. ಉಳಿದ ಐದು ಮೇಜಿನವರು ನೆಲಮಾಳಿಗೆಯ ದಾಖಲೆ ಕೋಣೆಗೆ.

ಏಳನೇ ಮೇಜಿನಾಕೆಗೆ ಕಚೇರಿ ಇಟ್ಟ ಹೆಸರು ಭೂತಗನ್ನಡಿ. ಮದುವೆ ಕರೆಯೋಲೆಯಲ್ಲೂ ತಪ್ಪು ಹುಡುಕುವ ಹೆಂಗಸು. ಪಟ್ಟಿ ಓದಿದಳು. ಬೇಡವಾದ ಮೇಜುಗಳು: ಎರಡು, ನಾಲ್ಕು, ಐದು, ಏಳು, ಎಂಟು. ಏಳು ತನ್ನದು, ಇಪ್ಪತ್ತೆರಡು ವರ್ಷ ಕೂತ ಕಿಟಕಿ ಪಕ್ಕದ ಮೇಜು.

"ನನ್ನನ್ನ ಕೆಳಗೆ ಕಳಿಸ್ತಿದಾರೆ ಕಣೇ."

"ಅಯ್ಯೋ ಪಾಪ," ಎಂದಳು ಆರನೇ ಮೇಜಿನವಳು. "ಹಾಗಾದ್ರೆ ಆ ಕಿಟಕಿ ಮೇಜು ನನಗೆ ಕೊಡಿಸಿ ಅಕ್ಕಾ. ಗಾಳಿ ಬೆಳಕು ಚೆನ್ನಾಗಿದೆ."

"ನೀನು ಇದನ್ನ ಓದ್ಲೇ ಇಲ್ವಾ?"

"ಐದು ಜನ ಹಾಕಿದ್ರು, ನಾನೂ ಹಾಕಿದೆ."

ಭೂತಗನ್ನಡಿ ಮತ್ತೊಮ್ಮೆ ಓದಿದಳು. ಎಂಟು? ಎಂಟನೆಯದು ಅಧಿಕಾರಿಯದೇ ಮೇಜು. ಇಲ್ಲಿ ಎಣಿಕೆ ಬಾಗಿಲಿನಿಂದ ಶುರು. ಹೊಸಬರು ತಮ್ಮ ಕುರ್ಚಿಯಿಂದ ಎಣಿಸಿದ್ದರು. ಹಾಗೆ ಎಣಿಸಿದರೂ ಎರಡನೆಯದು ಮತ್ತೆ ತನ್ನದೇ, ಹಣೆಬರಹ. ಸುಮ್ಮನೆ ಸಹಿ ಹಾಕಿದರೆ ಸಾಹೇಬರೂ ತನ್ನ ಜೊತೆ ನೆಲಮಾಳಿಗೆಗೆ ಇಳಿಯುತ್ತಾರೆ. ಆ ಯೋಚನೆ ಅರೆಗಳಿಗೆ ಸಿಹಿಯಾಗಿಯೇ ಇತ್ತು. ಆದರೆ ಕಂಡ ತಪ್ಪನ್ನು ಬಿಡುವುದು ಅವಳ ಕೈಲಾಗದ ಕೆಲಸ. ಕಾಗದ ಹಿಡಿದು ಎಂಟನೇ ಮೇಜಿಗೆ ಹೋದಳು.

"ಸಾರ್, ಇದರ ಪ್ರಕಾರ ನಾಳೆಯಿಂದ ನಿಮ್ಮ ಸಹಿ ಬೇಡ."

ಅಧಿಕಾರಿ ನಕ್ಕರು. ಕಾಗದ ನೋಡಿ ನಗು ನುಂಗಿದರು. "ಆರು ಜನ ನೋಡಿದಾರಲ್ರೀ?"

"ಸಹಿ ಹಾಕಿದಾರೆ ಸಾರ್. ನೋಡಿದ್ದು ನಾನು."

"ಸರಿಯಾಗಿ ಎಣಿಸಿದ್ರೆ ನಿಮ್ಮ ಮೇಜು ಉಳಿಯುತ್ತಾ?"

"ಇಲ್ಲ ಸಾರ್. ಯಾವ ಕಡೆಯಿಂದ ಎಣಿಸಿದ್ರೂ ನಾನು ಹೊರಗೇ."

"ಮತ್ತೆ ಯಾಕೆ ಹೇಳೋಕೆ ಬಂದ್ರಿ?"

"ತಪ್ಪಿತ್ತಲ್ಲ ಸಾರ್."

ಅಧಿಕಾರಿ ಸುತ್ತೋಲೆಯನ್ನು ಹರಿದು, ಬಾಗಿಲಿನಿಂದಲೇ ಎಣಿಸಿ ಇನ್ನೊಂದು ಬರೆದರು. ಅದರಲ್ಲಿ ಉಳಿದದ್ದು ಎರಡೇ ಮೇಜು: ಏಳು ಮತ್ತು ಎಂಟು.

ಹೊಸ ಕಾಗದ ಸುತ್ತಿಗೆ ಹೊರಟಿತು. ಚಹಾದ ಹೊತ್ತಿಗೆಲ್ಲ ಏಳನೇ ಮೇಜಿಗೆ ಬಂತು, ಆರು ಸಹಿ ಹೊತ್ತುಕೊಂಡು.

"ಅಕ್ಕಾ," ಆರನೇ ಮೇಜಿನವಳು ಪೆನ್ನಿಗೆ ಮುಚ್ಚಳ ಹಾಕುತ್ತ ಕೇಳಿದಳು, "ಕಿಟಕಿ ಮೇಜಿನ ವಿಷಯ ಸಾಹೇಬರಿಗೆ ಹೇಳಿದ್ರಾ?"