ಕೆಳಬಾಗಿಲಿನ ಬೆಲ್ಲು

ಬಾಡಿಗೆದಾರರ ದೂರು ಕೇಳುವ ಕಚೇರಿಗೆ ಜನ ಹರಿದ ಚೀಟಿ, ಮುದುರಿದ ಕಾಗದ ತರುತ್ತಾರೆ. ಅವತ್ತು ಬಂದ ಮುದುಕರೊಬ್ಬರು ಗುಮಾಸ್ತೆಯ ಮೇಜಿನ ಮೇಲಿಟ್ಟದ್ದು ಪುಸ್ತಕ. ನೀಲಿ ಕ್ಯಾಲಿಕೋ ಬಟ್ಟೆಯ ಬೆನ್ನು, ಗಟ್ಟಿ ರಟ್ಟು. ಒಳಗೆ ಬಾಡಿಗೆ ಏಜೆಂಟನಿಗೆ ಬರೆದ ಹನ್ನೊಂದು ಪತ್ರಗಳ ನಕಲು, ತಾರೀಖಿನ ಪ್ರಕಾರ ಹೊಲಿದದ್ದು.

“ಏನ್ ಯಜಮಾನ್ರೇ ಇದು?”

“ನಲವತ್ತು ವರ್ಷ ಬೈಂಡರ್ ಆಗಿದ್ದೆ ತಾಯಿ. ಬಿಡಿ ಹಾಳೆ ಕಂಡ್ರೆ ಕೈ ಸುಮ್ನಿರಲ್ಲ.”

ದೂರು ಇಷ್ಟೇ. ಅವರದು ಮೂರನೇ ಮಹಡಿ. ಬೀದಿಬಾಗಿಲಲ್ಲಿ ಗುಂಡಿ ಒತ್ತಿದರೆ ಮನೆಯೊಳಗೆ ಹೊಡೆಯಬೇಕಾದ ಬೆಲ್ಲು, ಅವರು ಬಾಡಿಗೆಗೆ ಬಂದ ತಿಂಗಳೇ ಕೈಕೊಟ್ಟಿತ್ತು. ಏಜೆಂಟ್ ಮಹಾಶಯ ‘ನಾಳೆ ಜನ ಕಳಿಸ್ತೀನಿ’ ಎಂದು ಮೂಗಿಗೆ ತುಪ್ಪ ಸವರುತ್ತಲೇ ಬಂದ. ಬೈಂಡರ್ ಬಾಯಿಮಾತು ಬಿಟ್ಟು ಬರವಣಿಗೆಗೆ ಇಳಿದರು. ಅವನ ಮೇಲಿನ ಮ್ಯಾನೇಜರಿಗೂ ಬರೆದು, ಕಚೇರಿಯ ನಿಯಮದಂತೆ ಎಂಟು ವಾರ ಕಾದು, ಒಂಬತ್ತನೇ ವಾರ ಇಲ್ಲಿಗೆ ಬಂದಿದ್ದರು.

ಗುಮಾಸ್ತೆ ಅರ್ಜಿಯ ಕೊನೆಯ ಖಾನೆಗೆ ಬೆರಳಿಟ್ಟಳು. “ಇದ್ರಿಂದ ನಿಮಗೇನು ತೊಂದರೆ ಆಯ್ತು ಅಂತ ಬರೆದಿಲ್ಲ. ಅದಿಲ್ದೆ ಅರ್ಜಿ ಮುಂದಕ್ಕೆ ಹೋಗಲ್ಲ.”

ಬೈಂಡರ್ ತಡವರಿಸಿದರು. “ನನ್ನ ತಂಗಿ ಬಂದು ಹೋಗಿರಬಹುದು. ಜಗಳ ಆಗಿ ಮಾತು ಬಿಟ್ಟು ಆರು ವರ್ಷ. ಈ ಮನೆಗೆ ಬಂದ್ಮೇಲೆ, ತಪ್ಪು ನಂದೇ ಅಂತ ಕಾಗದ ಹಾಕಿದೆ. ಭಾನುವಾರ ಮನೇಲೇ ಇರ್ತೀನಿ, ಬಂದು ಬೆಲ್ ಒತ್ತು ಅಂದಿದ್ದೆ.”

“ಬಂದಿದ್ರು ಅಂತ ಹೇಗೆ ಗೊತ್ತು?”

“ಬಂದಿಲ್ಲ ಅಂತ ಹೇಗೆ ಹೇಳೋದು? ಬೆಲ್ಲೇ ಕೆಟ್ಟಿತ್ತಲ್ಲ ತಾಯಿ.”

ಗುಮಾಸ್ತೆ ಆ ಖಾನೆಯನ್ನು ತಾನೇ ತುಂಬಿದಳು.

ಕಚೇರಿಯಿಂದ ನೋಟಿಸ್ ಹೋದದ್ದೇ ತಡ, ಏಜೆಂಟ್ ಎಲೆಕ್ಟ್ರಿಷಿಯನ್‌ನನ್ನು ಕಟ್ಟಿಕೊಂಡು ಎದ್ದುಬಿದ್ದು ಬಂದ. ಬೆಲ್ಲು ಕಿವಿಗಡಚಿಕ್ಕುವಂತೆ ಹೊಡೆಯಿತು. ಬೈಂಡರಿಗೆ ಖುಷಿಯೋ ಖುಷಿ. ಬೆಲ್ಲು ರಿಪೇರಿ ಆಗಿದೆ, ಬಾ ಎಂದು ತಂಗಿಗೆ ಇನ್ನೊಂದು ಕಾಗದ ಹಾಕಿದರು. ಭಾನುವಾರ ಎರಡು ಲೋಟ ತೊಳೆದಿಟ್ಟು, ರೇಡಿಯೋ ಆಫ್ ಮಾಡಿ ಕೂತರು. ನೀರಿನ ಸದ್ದಲ್ಲಿ ಬೆಲ್ಲು ಕೇಳದಿದ್ದರೆ ಎಂದು ಸ್ನಾನಕ್ಕೂ ಹೋಗಲಿಲ್ಲ. ಮುಂದಿನ ಭಾನುವಾರವೂ ಹಾಗೆಯೇ. ಅದರ ಮುಂದಿನದೂ. ಬೆಲ್ಲು ಕೆಟ್ಟಿದ್ದಾಗ ಮನೆ ಇಷ್ಟು ಖಾಲಿ ಅನ್ನಿಸಿರಲಿಲ್ಲ.

ನಾಲ್ಕನೇ ವಾರ ಗುಮಾಸ್ತೆ ಫೋನ್ ಮಾಡಿದಳು. “ಯಜಮಾನ್ರೇ, ನಿಮ್ಮ ದೂರು ಮುಗಿಸೋಣ್ವಾ? ಬೆಲ್ ಸರಿಯಾಗಿ ಹೊಡೀತಿದ್ಯಾ?”

ಬೈಂಡರ್ “ಒಂದ್ನಿಮಿಷ” ಎಂದು ಫೋನ್ ಹಿಡಿದೇ ಮೂರು ಮಹಡಿ ಇಳಿದರು. ಬೀದಿಯಲ್ಲಿ ನಿಂತು ತಮ್ಮ ಮನೆಯ ಗುಂಡಿ ತಾವೇ ಒತ್ತಿದರು. ಮೇಲೆ, ಯಾರೂ ಇಲ್ಲದ ಮನೆಯಲ್ಲಿ ಬೆಲ್ಲು ಹೊಡೆದದ್ದು ತೆರೆದ ಕಿಟಕಿಯಿಂದ ಬೀದಿಗೂ ಕೇಳಿಸಿತು.

“ಚೆನ್ನಾಗಿ ಹೊಡೀತಿದೆ ತಾಯಿ,” ಎಂದರು. “ಇನ್ನು ಅದರ ಮೇಲೆ ತಪ್ಪು ಹೊರಿಸೋ ಹಾಗಿಲ್ಲ.”